ದೊರೆಸಾನಿಯರ ಸಾಮಾನು

ನಮ್ಮ ಮನೆಯಲ್ಲಿ ಕುರ್ಚಿಗಳು ಬೇಕಾದಷ್ಟಿದ್ದವು, ಕೂರುವುದಕ್ಕೆ ಜಾಗವಿರಲಿಲ್ಲ. ಊರಿಗಾಂನಲ್ಲಿ ಚಿನ್ನದ ಗಣಿಯ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಗಳಲ್ಲಿ ನಮ್ಮದೂ ಒಂದು. ಒಂದು ಕೋಣೆ, ಹಿಂದೆ ಒಬ್ಬರು ಕೂತು ಅಡುಗೆ ಮಾಡುವಷ್ಟು ಜಾಗ, ಮುಂದೆ ಬಿದಿರು ತಟ್ಟಿ ಕಟ್ಟಿದ ಜಗಲಿ. ಆ ಒಂದು ಕೋಣೆಯೊಳಗೆ ಒಂದಕ್ಕೊಂದು ಹೊಂದದ ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ಒಂದರ ಮೇಲೊಂದು ನಿಂತಿದ್ದವು. ಟೋಪಿ ತಗಲಿಹಾಕುವ ಕಂಬವಿತ್ತು. ಮನೆಯಲ್ಲಿ ಇದ್ದದ್ದು ಅಪ್ಪ ಗಣಿಗೆ ಹಾಕಿಕೊಂಡು ಹೋಗುವ ಟೋಪಿ ಒಂದೇ, ಅದನ್ನೂ ಅವನು ಗೋಡೆಯ ಮೊಳೆಗೇ ಸಿಕ್ಕಿಸುತ್ತಿದ್ದ. ಬಿಳಿಯ ಸ್ನಾನದ ತೊಟ್ಟಿಯೊಂದಿತ್ತು, ಅದರಲ್ಲಿ ರಾಗಿ ತುಂಬಿಡುತ್ತಿದ್ದೆವು. ಕೇಕು ಸುಡುವ ತಟ್ಟೆಗಳು, ಮುಚ್ಚಳ ಒಡೆದ ಪಿಂಗಾಣಿ ಪಾತ್ರೆಗಳು, ದೀಪದ ಮೇಲೆ ಕವಿಸುವ ರೇಷ್ಮೆಯ ಬುಟ್ಟಿ, ಯಾವುದೋ ದೇಶದ ಹೊಳೆದಂಡೆಯಲ್ಲಿ ದನ ಮೇಯುತ್ತಿರುವ ಚಿತ್ರಪಟ. ಎಲ್ಲಕ್ಕಿಂತ ದೊಡ್ಡದು ಕನ್ನಡಿ ಬಾಗಿಲಿನ ಬೀರು. ಅದು ನಮ್ಮ ಬಾಗಿಲಲ್ಲಿ ಹಿಡಿಸದೆ ಕಾಲು ಕೊಯ್ದು ಒಳಗೆ ತಂದಿದ್ದರು. ಬೇರೆಲ್ಲೂ ಜಾಗವಿಲ್ಲದ್ದಕ್ಕೆ ಇದ್ದ ಒಂದು ಕಿಟಕಿಗೆ ಅಡ್ಡವಾಗಿ ನಿಲ್ಲಿಸಿದ್ದರು.

ಇಷ್ಟೆಲ್ಲ ನಮ್ಮಂಥವರ ಮನೆಗೆ ಬಂದದ್ದು ಅಮ್ಮನಿಂದ. ಅಪ್ಪ ಅಮ್ಮ ಇಬ್ಬರೂ ಬೇತಮಂಗಲದ ಕಡೆಯ ಹಳ್ಳಿಯವರು. ಮದುವೆಯಾದ ಹೊಸದರಲ್ಲಿ ಕೆಲಸ ಹುಡುಕಿಕೊಂಡು ಗಣಿಗೆ ಬಂದರು. ಅಪ್ಪನಿಗೆ ಭೂಮಿಯೊಳಗೆ ಮರದ ಕೆಲಸ ಸಿಕ್ಕಿತು. ಬಂಡೆ ಕುಸಿಯದಂತೆ ಸುರಂಗಕ್ಕೆ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವ ಕೆಲಸ ಅದು. ಅಮ್ಮ ಗಣಿಯ ಇಂಗ್ಲಿಷ್ ದೊರೆಗಳ ಬಂಗಲೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆದಳು. ನಾನು ಹುಟ್ಟಿ ಬೆಳೆದದ್ದು ಲೈನಿನಲ್ಲೇ. ನಾನೊಬ್ಬಳೇ ಮಗಳು.

ಐವತ್ತರ ದಶಕದಲ್ಲಿ ಗಣಿ ಸರ್ಕಾರದ ಕೈಗೆ ಬರುವ ಹೊತ್ತಿಗೆ ದೊರೆಗಳು ಒಬ್ಬೊಬ್ಬರಾಗಿ ತಮ್ಮ ಸೀಮೆಗೆ ಹೊರಡತೊಡಗಿದರು. ಹೊರಡುವ ಮುಂಚೆ ಬಂಗಲೆಯ ಮುಂದಿನ ಹುಲ್ಲಿನ ಮೇಲೆ ಸಾಮಾನು ಹರಡಿ ಹರಾಜು ಹಾಕುತ್ತಿದ್ದರು. ಯಾರೂ ಕೊಳ್ಳದೆ ಉಳಿದದ್ದು ಅಡುಗೆಯವನಿಗೆ, ಮಾಲಿಗೆ, ಆಯಾಗೆ. ಅಮ್ಮ ಯಾವುದನ್ನೂ ಬೇಡ ಎನ್ನುತ್ತಿರಲಿಲ್ಲ. ಹುಟ್ಟಿದ ಮನೆಯಲ್ಲಿ ಒಂದು ಸೀರೆಯನ್ನು ಅಕ್ಕತಂಗಿಯರು ಸರದಿಯಲ್ಲಿ ಉಟ್ಟು ಬೆಳೆದವಳು ಅವಳು. ಸಾಯಂಕಾಲ ಕೆಲಸ ಮುಗಿಸಿ ಬರುವಾಗ ಅವಳ ಹಿಂದೆ ಒಂದು ಕೈಗಾಡಿ ಬಂತೆಂದರೆ ಇನ್ನೊಂದು ಬಂಗಲೆ ಖಾಲಿಯಾಯಿತು ಎಂದು ಲೈನಿನವರಿಗೆಲ್ಲ ಗೊತ್ತಾಗುತ್ತಿತ್ತು. ಮೊದಮೊದಲು ಹೆಂಗಸರು ನೋಡಲು ಬರುತ್ತಿದ್ದರು. ಅಮ್ಮ ಹೆಮ್ಮೆಯಿಂದ ತೋರಿಸುತ್ತಿದ್ದಳು. ಆಮೇಲಾಮೇಲೆ ನೋಡಲು ಬಂದವರು ನಿಲ್ಲುವುದಕ್ಕೂ ಜಾಗ ಉಳಿಯಲಿಲ್ಲ.

ಅಪ್ಪನ ಹಾಸಿಗೆ ಜಗಲಿಗೆ ಹೋಯಿತು. ಅವನು ಒಂದು ದಿನವೂ ಅದಕ್ಕೆ ಮುಖ ಗಂಟು ಹಾಕಿದ್ದು ನಾನು ಕಾಣೆ. ಯಾರಾದರೂ ಕೇಳಿದರೆ, "ಇರ್ಲಿ ಬುಡು. ನಾನು ದಿನಾ ಕತ್ಲೇಲಿ ಇದ್ದು ಬರೋನು. ಒರಗೆ ಮನಗಿದ್ರೆ ಒಸಿ ಗಾಳಿ ಆಯ್ತದೆ" ಎನ್ನುತ್ತಿದ್ದ. ಆದರೆ ನಮ್ಮ ಜಗಲಿ ಸೈನೈಡ್ ದಿಬ್ಬದ ಕಡೆಗೆ ಮುಖ ಮಾಡಿತ್ತು. ಚಿನ್ನ ತೆಗೆದು ಉಳಿದ ಬಿಳಿ ಮಣ್ಣಿನ ಗುಡ್ಡ ಅದು. ಗಾಳಿ ಎದ್ದಾಗ ಹಿಟ್ಟಿನಂಥ ಧೂಳು ತಟ್ಟಿಯ ಸಂದಿಯಲ್ಲೆಲ್ಲ ತೂರಿ ಬರುತ್ತಿತ್ತು. ಬೆಳಿಗ್ಗೆ ಅಪ್ಪನ ಹುಬ್ಬು ಮುದುಕರ ಹುಬ್ಬಿನ ಹಾಗೆ ಬೆಳ್ಳಗಾಗಿರುತ್ತಿತ್ತು. ಅವನಿಗೆ ಮೊದಲೇ ಕೆಮ್ಮಿತ್ತು. ಭೂಮಿಯೊಳಗೆ ಬಹಳ ಕಾಲ ಕೆಲಸ ಮಾಡಿದ ಎಷ್ಟೋ ಮಂದಿಗೆ ಇದ್ದಂಥ ಕೆಮ್ಮು. ನಾನು ಹೈಸ್ಕೂಲಿಗೆ ಸೇರಿದ ವರ್ಷದ ಚಳಿಗಾಲದಲ್ಲಿ ಅದು ಜಾಸ್ತಿಯಾಗಿ, ಒಂದು ದಿನ ಕೆಲಸದಿಂದ ಬಂದವನು ಮನೆಯ ಮೆಟ್ಟಿಲು ಹತ್ತಲಾರದೆ ಅಲ್ಲೇ ಕೂತುಬಿಟ್ಟ. ಪಕ್ಕದ ಮನೆಯವರು ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದೆಯೊಳಗೆ ಧೂಳು ಕೂತಿದೆ ಎಂದು ಅಲ್ಲೇ ಇರಿಸಿಕೊಂಡರು.

ಕೆಲವು ವಾರ ಕಳೆದು ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರು ಅಮ್ಮನನ್ನು ಕರೆದು ಮಾತಾಡಿದರು. ನಾನೂ ಜೊತೆಗಿದ್ದೆ. ಇನ್ನು ಭೂಮಿಯೊಳಗಿನ ಕೆಲಸ ಆಗದು, ಮೇಲಿನ ಕೆಲಸ ಏನಾದರೂ ಕೊಡಲು ಬರೆದುಕೊಡುತ್ತೇನೆ, ಇನ್ನೆರಡು ವಾರ ಬಿಟ್ಟು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಆಮೇಲೆ ಕೇಳಿದರು, "ಮನೆಯಲ್ಲಿ ಎಲ್ಲಿ ಮಲಗುತ್ತಾರೆ?"

ಅಮ್ಮ ಜಗಲಿಯ ಸಂಗತಿ ಹೇಳಿದಳು.

"ಜಗಲಿ ಬೇಡ. ಧೂಳು, ಚಳಿ ಎರಡೂ ಆಗದು. ಒಳಗೆ ಕಿಟಕಿ ಪಕ್ಕದಲ್ಲಿ ಹಾಸಿಗೆ ಹಾಕಿ. ಕಿಟಕಿ ಇದೆ ತಾನೆ?"

ಅಮ್ಮ ನನ್ನ ಮುಖ ನೋಡಿದಳು. ನಮ್ಮ ಮನೆಗೆ ಕಿಟಕಿ ಇದೆಯೋ ಇಲ್ಲವೋ ಎಂಬುದನ್ನು ಅವಳು ನೆನಪು ಮಾಡಿಕೊಳ್ಳುತ್ತಿದ್ದಳು. "ಅದೆ ಬುದ್ದಿ" ಎಂದಳು ಕೊನೆಗೆ, ಬಹಳ ಮೆಲ್ಲಗೆ.

ಮರುದಿನ ಭಾನುವಾರ. ಅಮ್ಮ ಬೆಳಿಗ್ಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಪಕ್ಕದ ಮನೆಯ ತಮಿಳಕ್ಕನನ್ನು ಕರೆದಳು. ಆಕೆ ಗಂಡನಿಲ್ಲದವಳು, ಗಣಿಯ ಅಂಗಳದಲ್ಲಿ ಕಲ್ಲು ಹೊರುವ ಕೆಲಸಕ್ಕೆ ಹೋಗುತ್ತಿದ್ದಳು. ಆಕೆಗೊಂದು ನಾಲ್ಕೈದು ವರ್ಷದ ಹೆಣ್ಣುಮಗು. ಹಸುಳೆಯಾಗಿದ್ದಾಗ ಜ್ವರ ಬಂದು ಎರಡೂ ಕಾಲು ಸೋತಿದ್ದವು. ತಾಯಿ ಎಲ್ಲಿಗೆ ಹೋದರೂ ಅದು ಸೊಂಟದ ಮೇಲೆ, ಕೆಲಸಕ್ಕೆ ಹೋದಾಗ ಮನೆಯ ಹೊಸ್ತಿಲ ಮೇಲೆ. ಅವತ್ತು ಮಗುವನ್ನು ನಮ್ಮ ಜಗಲಿಯ ಮೇಲೆ ಕೂರಿಸಿ ತಮಿಳಕ್ಕ ಕೈಹಾಕಿದಳು. ನಾವು ಮೂವರೂ ಸೇರಿ ಸಾಮಾನನ್ನೆಲ್ಲ ಬೀದಿಗೆ ತಂದೆವು. ಬೀರು ಮಾತ್ರ ಅಲ್ಲಾಡಲಿಲ್ಲ. ಲೈನಿನ ಈ ತುದಿಯಿಂದ ಆ ತುದಿಯವರೆಗೆ ಬಂಗಲೆಯ ಹರಾಜಿನ ಹಾಗೆ ಸಾಮಾನು ಹರಡಿಕೊಂಡಿತು. ಮಕ್ಕಳು ಕುರ್ಚಿಗಳ ಮೇಲೆ ಕೂತು ದೊರೆಗಳಾದರು. ಅಮ್ಮ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒರೆಸುತ್ತಾ ಒರೆಸುತ್ತಾ ಮಧ್ಯಾಹ್ನವಾಯಿತು.

"ಯಾವ್ದು ಕೊಡೋದಕ್ಕಾ?" ತಮಿಳಕ್ಕ ಕೇಳಿದಳು.

ಅಮ್ಮ ಒಂದು ಕುರ್ಚಿ ಎತ್ತಿದಳು, ಇಳಿಸಿದಳು. ಪಿಂಗಾಣಿ ಪಾತ್ರೆ ಎತ್ತಿದಳು, ಅದನ್ನೂ ಇಳಿಸಿದಳು. "ಇದು ಒಳ್ಳೇದಾಗೇ ಅದಲ್ಲಾ" ಎಂದಳು. ದೀಪದ ಬುಟ್ಟಿಗೂ ಅದೇ ಮಾತು. ಸಂಜೆಗೆ ಧೂಳು ಏಳುವ ಹೊತ್ತಾಯಿತು. ನಾವು ಮೂವರೂ ಮತ್ತೆ ಸೇರಿ ಎಲ್ಲವನ್ನೂ ಒಳಗೆ ಹೊತ್ತು ಮೊದಲಿದ್ದ ಹಾಗೆಯೇ ಒಟ್ಟಿದೆವು. ತಮಿಳಕ್ಕ ಮಗುವನ್ನು ಎತ್ತಿಕೊಂಡು ಹೋದಳು. ಅಮ್ಮ ಒಲೆಯ ಮುಂದೆ ಕೂತು ಅತ್ತಳು. ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಅಷ್ಟು ವರ್ಷ ಬೇರೆಯವರ ಮಕ್ಕಳ ಮಲಮೂತ್ರ ಬಳಿದದ್ದಕ್ಕೆ ಕಣ್ಣಿಗೆ ಕಾಣುವಂಥದ್ದು ಅವಳ ಬಳಿ ಇದ್ದದ್ದು ಅದಷ್ಟೇ.

ವಾರದ ಮಧ್ಯದಲ್ಲಿ ಅತ್ತೆ ಬಂದಳು. ಅಪ್ಪನ ಅಕ್ಕ. ತಮ್ಮನಿಗೆಂದು ಹಳ್ಳಿಯಿಂದ ರಾಗಿ ಹುರಿಹಿಟ್ಟು, ತುಪ್ಪ ಕಟ್ಟಿಕೊಂಡು ಬೇತಮಂಗಲದಲ್ಲಿ ಬಸ್ಸು ಹತ್ತಿ ಬಂದಿದ್ದಳು. ಗಟ್ಟಿ ಆಳು. ಹೊಲದ ಕೆಲಸ ಮಾಡಿದ ಕೈ, ಎದುರಿಗಿದ್ದವರನ್ನು ನೋಡಿ ಆಡುವ ಬಾಯಲ್ಲ. ಆದರೆ ಅಮ್ಮನ ಮೇಲೆ ಅವಳಿಗೆ ಅಕ್ಕರೆಯಿತ್ತು. ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಏನಮ್ಮೀ, ಇದು ಮನೇನೋ ಗೋಡೌನೋ? ನನ್ನ ತಮ್ಮನ್ನ ಎಲ್ಲಿ ಮನಗಿಸ್ತೀಯೆ, ಆ ಬೀರು ಒಳಗಾ?" ಎಂದಳು.

ಅಮ್ಮ ಡಾಕ್ಟರ ಮಾತನ್ನೂ ಭಾನುವಾರದ ಕಥೆಯನ್ನೂ ಹೇಳಿದಳು. "ನನ್ ಕೈಲಿ ಆಗ್ಲಿಲ್ಲ ಅತ್ಗೆ."

"ಸರಿ. ಮೊದ್ಲು ಕಿಟಕಿ ನೋಡಾಣ, ಬಾ."

ಅತ್ತೆ ಬೀರಿಗೆ ಬೆನ್ನು ಕೊಟ್ಟು ತಳ್ಳಿದಳು. ನಾವಿಬ್ಬರೂ ಈ ಕಡೆಯಿಂದ ಎಳೆದೆವು. ಕಾಲಿಲ್ಲದ ಬೀರು ನೆಲ ಕೆರೆದುಕೊಂಡು ಸ್ವಲ್ಪ ಸ್ವಲ್ಪವೇ ಸರಿಯಿತು. ಹಿಂದೆ ಜೇಡರ ಬಲೆ, ಇಲಿಯ ಹಿಕ್ಕೆ, ಮತ್ತು ಅಮ್ಮನ ಮದುವೆಯ ತಗಡಿನ ಟ್ರಂಕು. ಅದು ಅಲ್ಲಿ ಇದ್ದದ್ದೇ ನಮಗೆ ಮರೆತುಹೋಗಿತ್ತು. ಟ್ರಂಕಿನ ಮೇಲೆ ಬಟ್ಟೆ ಸುತ್ತಿಟ್ಟಿದ್ದ ಗಂಟೊಂದು ಇತ್ತು. ಅಮ್ಮ ಅದನ್ನು ಬಿಚ್ಚಿದಳು. ಅಪ್ಪನ ದಮ್ಮಡಿ. ಮರದ ಬಳೆಗೆ ಚರ್ಮ ಬಿಗಿದು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಡಿಯುವ ವಾದ್ಯ. ಹಳ್ಳಿಯಲ್ಲಿದ್ದಾಗ ಅಪ್ಪ ಭಜನೆ ಮೇಳದಲ್ಲಿ ಮುಂದೆ ನಿಂತು ಹಾಡುತ್ತಿದ್ದನಂತೆ. ಲೈನಿಗೆ ಬಂದ ಮೇಲೂ ಶನಿವಾರ ಶನಿವಾರ ಹಾಡಿದ್ದನ್ನು ನಾನು ತೀರಾ ಚಿಕ್ಕವಳಿದ್ದಾಗ ಕೇಳಿದ್ದೆ. ಯಾವಾಗ ನಿಲ್ಲಿಸಿದನೋ ಯಾರಿಗೂ ನೆನಪಿಲ್ಲ. ಈಗ ಇಲಿಗಳು ಚರ್ಮವನ್ನು ತಿಂದು ಬಳೆಯನ್ನು ಮಾತ್ರ ಬಿಟ್ಟಿದ್ದವು.

ಅಮ್ಮ ಅದರೊಳಗೆ ಕೈ ತೂರಿಸಿ ಈಚೆ ತೆಗೆದಳು. "ನೋಡಿದ್ಯಾ ಅತ್ಗೆ" ಎಂದಳು. "ಯಾರ್ಯಾರ್ದೋ ಕುರ್ಚಿನ ವಾರವಾರ ಒರ್ಸಿ ಮಡ್ಗಿವ್ನಿ. ಇದನ್ನ ಇಲಿಗೆ ಆಕ್ಬುಟ್ಟೆ."

ಅತ್ತೆಯೇ ಮುಂದೆ ಹೋಗಿ ಕಿಟಕಿಯ ಅಗುಳಿಯನ್ನು ಕಲ್ಲಿನಿಂದ ಗುದ್ದಿ ತೆಗೆದಳು. ಬಾಗಿಲು ಕಿರುಗುಟ್ಟಿ ತೆರೆಯಿತು. ಆ ಕಿಟಕಿ ದಿಬ್ಬದ ಕಡೆಗಿರಲಿಲ್ಲ, ಹಿಂದಿನ ಬಯಲಿನ ಕಡೆಗಿತ್ತು. ಬೇವಿನ ಮರವೊಂದು ಕಾಣುತ್ತಿತ್ತು. ಆ ಮರ ನನಗೆ ಹೊಸದೇನಲ್ಲ, ಅದರ ಕೆಳಗೆ ಆಡಿ ಬೆಳೆದವಳು ನಾನು. ಆದರೆ ನಮ್ಮ ಮನೆಯೊಳಗಿಂದ ಅದು ಕಾಣುತ್ತದೆ ಎನ್ನುವುದು ನೆನಪೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಎಲೆಯಡಿಕೆ ಹಾಕಿಕೊಂಡು ಕೂತಳು. ಒಂದು ಕುರ್ಚಿಯನ್ನು ಎಳೆದು ಮುಂದಿಟ್ಟು, "ಇದ್ಯಾರು ಕೊಟ್ಟಿದ್ದು?" ಎಂದು ಕೇಳಿದಳು. ಬೇಕಾ ಬೇಡವಾ ಎಂದು ಕೇಳಲಿಲ್ಲ.

ಅಮ್ಮ ಹೇಳತೊಡಗಿದಳು. ಆ ಕುರ್ಚಿ ಗುಡ್ಡದ ಮೇಲಿನ ಬಂಗಲೆಯದು. ಅಲ್ಲಿಯ ದೊರೆಸಾನಿ ಹೊರಡುವ ದಿನ ಕಾರಿನಲ್ಲಿ ಕೂತುಕೊಂಡು ಕಿಟಕಿಯಿಂದಲೇ ಬೆರಳು ತೋರಿಸಿ, ಅದನ್ನೆಲ್ಲ ಆಯಾಗೆ ಕೊಟ್ಟುಬಿಡಿ ಎಂದಳಂತೆ. ದೀಪದ ಬುಟ್ಟಿ ಕ್ಲಬ್ಬಿನ ಹಿಂದಿನ ಮನೆಯದು, ಹೊರಗೆ ಎಸೆದಿದ್ದನ್ನು ಅಮ್ಮನೇ ಕೇಳಿ ತಂದದ್ದು. ಬೀರು ಕೊಟ್ಟವರಿಗೆ ಅದನ್ನು ಸಾಗಿಸಲು ಆಳು ಸಿಗದೆ, ಇವತ್ತೇ ತೆಗೆದುಕೊಂಡು ಹೋಗು ಎಂದು ಅವಸರ ಮಾಡಿದ್ದರಂತೆ. ಒಂದೊಂದಕ್ಕೂ ಒಂದೊಂದು ಕಥೆ. ಹೇಳುತ್ತಾ ಹೇಳುತ್ತಾ ಅಮ್ಮನ ದನಿ ಬದಲಾಯಿತು. ಒಂದು ಕತ್ತರಿಯ ವಿಷಯ ಬಂದಾಗ ಅವಳ ಮುಖ ಅರಳಿತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಅದು. ದೊರೆಮಕ್ಕಳ ಶಾಲೆಯ ಒಬ್ಬ ಮೇಷ್ಟರ ಹೆಂಡತಿ, ಮಕ್ಕಳಿಲ್ಲದವಳು, ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ಬೆರಳು ಹಿಡಿದು ರವಿಕೆ ಕತ್ತರಿಸಲು ಕಲಿಸಿದ್ದಳು. ಹೊರಡುವಾಗ, ಇನ್ನು ಇದು ನಿನ್ನದು ಎಂದು ಕೈಯಲ್ಲಿ ಇಟ್ಟಿದ್ದಳು. ತೋಳಿರುವ ಬೆತ್ತದ ಕುರ್ಚಿಯನ್ನು ಕೊಟ್ಟದ್ದೂ ಅವಳೇ, ನಿನ್ನ ಗಂಡ ದಣಿದು ಬರುತ್ತಾನಲ್ಲ, ಅವನು ಕೂರಲಿ ಎಂದು. ಉಣ್ಣೆಯ ಕಂಬಳಿ ಇನ್ನೊಬ್ಬಳದು, ನಾನು ಹುಟ್ಟಿದಾಗ ಅಮ್ಮನ ಬಾಣಂತನಕ್ಕೆ ಕಳಿಸಿದ್ದು.

ಅಮ್ಮ ಮಾತು ನಿಲ್ಲಿಸಿ ಸುತ್ತ ನೋಡಿದಳು. "ಮೊಕ ನೋಡಿ ಕೊಟ್ಟೋರು ಒಬ್ರೋ ಇಬ್ರೋ ಅತ್ಗೆ. ಮಿಕ್ಕೋರು ಅವರ ಮನೆ ಖಾಲಿ ಮಾಡೋಕೆ ಕೊಟ್ರು. ನಾನು ನಮ್ಮನೆ ತುಂಬಿಸ್ಕೊಂಡೆ."

"ಇನ್ನೇನು ಮತ್ತೆ? ಮೊಕ ನೋಡಿ ಕೊಟ್ಟಿದ್ದು ಮಡಿಕೋ. ಮಿಕ್ಕಿದ್ದ ಒರಗಾಕು."

"ಒರಗಾಕಾಕಿಲ್ಲ" ಎಂದಳು ಅಮ್ಮ. "ಕೊಡ್ತೀನಿ. ಅವ್ರು ಕೊಟ್ಟಂಗೆ ಅಲ್ಲ."

ಆಮೇಲಿನ ದಿನಗಳಲ್ಲಿ ಅಮ್ಮ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಯಾರನ್ನೂ ಕರೆದು, ಏನು ಬೇಕೋ ತಗೊಂಡು ಹೋಗಿ ಎನ್ನಲಿಲ್ಲ. ಬಂಗಲೆಯ ಕೆಲಸದಿಂದ ಬಂದ ಮೇಲೆ ಒಂದೊಂದೇ ಸಾಮಾನನ್ನು ನನ್ನ ಕೈಯಲ್ಲಿ ಹೊರಿಸಿಕೊಂಡು ತಾನೇ ಹೋದಳು. ಟೋಪಿಯ ಕಂಬವನ್ನು ದರ್ಜಿಯ ಅಂಗಡಿಗೆ ಕೊಟ್ಟಳು. ಹೊಲಿದ ಅಂಗಿಗಳನ್ನು ಅವನು ಮಿಷನ್ನಿನ ಮೇಲೆಯೇ ರಾಶಿ ಹಾಕಿ ಇಸ್ತ್ರಿ ಮುರಿಯುತ್ತಿದ್ದ. ಕುರ್ಚಿಗಳು ನೆಲದಿಂದ ಏಳಲಾರದ ಮುದುಕರ ಮನೆಗಳಿಗೆ ಹೋದವು. ಪಿಂಗಾಣಿ ಪಾತ್ರೆ ಟೀ ಅಂಗಡಿಯವನ ವಡೆಗೆ ಒಳ್ಳೆಯ ಜಾಗವಾಯಿತು. ಸ್ನಾನದ ತೊಟ್ಟಿಯನ್ನು ಅಗಸರವನು ತಲೆಯ ಮೇಲೆ ಬೋರಲು ಹಾಕಿಕೊಂಡು ನಡೆದಾಗ ಮಕ್ಕಳು ಹಿಂದೆ ಕೇಕೆ ಹಾಕುತ್ತಾ ಓಡಿದರು. ಮಾರ್ಕೆಟ್ಟಿನ ಬಳಿ ಮರದ ಕೆಳಗೆ ಕೂತು ಕ್ಷೌರ ಮಾಡುತ್ತಿದ್ದವನ ಕೈಕನ್ನಡಿ ಒಡೆದು ಚೂರಾಗಿತ್ತು. ಅಮ್ಮ ಬೀರಿನ ಕನ್ನಡಿ ಬಾಗಿಲನ್ನು ಬಿಚ್ಚಿಸಿ ಅವನಿಗೆ ಕೊಟ್ಟಳು. ಅವನು ಅದನ್ನು ಮರಕ್ಕೆ ಆನಿಸಿ ನಿಲ್ಲಿಸಿದ ಮೇಲೆ ಊರಿಗಾಂನ ಗಂಡಸರು ತಲೆಯಿಂದ ಕಾಲಿನವರೆಗೆ ತಮ್ಮನ್ನು ತಾವು ನೋಡಿಕೊಂಡು ಕ್ಷೌರ ಮಾಡಿಸಿಕೊಂಡರು. ಉಳಿದ ಬೀರಿನ ಹಲಗೆಯಲ್ಲಿ ಬಡಗಿ ಒಂದು ಬಡ ಮನೆಯ ಮದುವೆಗೆ ಮಂಚ ಮಾಡಿಕೊಟ್ಟ. ದನಗಳ ಚಿತ್ರಪಟ ಹಾಲಿನವಳಿಗೆ. ದೀಪದ ಬುಟ್ಟಿ ಮಾತ್ರ ಯಾರಿಗೂ ಬೇಡವಾಗಿತ್ತು. ಕೊನೆಗೆ ಎದುರು ಮನೆಯಾಕೆ ಕೋಳಿಮರಿಗಳ ಮೇಲೆ ಮುಚ್ಚಲು ತೆಗೆದುಕೊಂಡಳು. ರೇಷ್ಮೆಯ ಬುಟ್ಟಿಯೊಳಗೆ ಮರಿಗಳು ಚಿಂವ್‌ಗುಡುವುದನ್ನು ನೋಡಿ ಅಮ್ಮ ಬಹಳ ದಿನದ ಮೇಲೆ ನಕ್ಕಳು.

ಒಂದೇ ಒಂದು ಸಾಮಾನಿನ ಕಥೆಯನ್ನು ಅವಳು ಅತ್ತೆಗೆ ಹೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ, ಏಕೆಂದರೆ ಅದು ನೆಲದ ಮೇಲಿರಲಿಲ್ಲ. ಸೂರಿನ ತೊಲೆಗೆ ಹಗ್ಗದಿಂದ ಕಟ್ಟಿ, ಹಳೆಯ ಸೀರೆ ಸುತ್ತಿ ತೂಗುಹಾಕಿದ್ದಳು. ಮಗುವನ್ನು ಕೂರಿಸಿ ತಳ್ಳುವ ಗಾಡಿ. ನೀಲಿ ಬಣ್ಣದ್ದು, ನಾಲ್ಕು ಗಾಲಿಯದು, ಮೇಲೆ ಮಡಿಸುವ ಕೊಡೆಯಿದ್ದದ್ದು. ಒಂದು ಬಂಗಲೆಯ ಗಂಡುಮಗುವನ್ನು ಅಮ್ಮ ಹುಟ್ಟಿದಾಗಿನಿಂದ ಸಾಕಿದ್ದಳು. ಅವನು ಮಾತು ಕಲಿತದ್ದು ಅಮ್ಮನಿಂದ, ಅದೂ ನಮ್ಮ ಮಾತು. "ಆಯಾ, ಮುದ್ದೆ ಕೊಡು" ಎಂದು ತನ್ನ ತಾಯಿಯ ಮುಂದೆಯೇ ಕೇಳುತ್ತಿದ್ದನಂತೆ. ಅವರು ಸೀಮೆಗೆ ಹೊರಟಾಗ ಅವನ ತಾಯಿ ಆ ಗಾಡಿಯನ್ನು ತಾನೇ ತಳ್ಳಿಕೊಂಡು ನಮ್ಮ ಲೈನಿನವರೆಗೆ ಬಂದಿದ್ದಳು. ನಮ್ಮ ಬೀದಿಗೆ ಕಾಲಿಟ್ಟ ದೊರೆಸಾನಿ ಅವಳೊಬ್ಬಳೇ. ಅಮ್ಮನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ಅಮ್ಮನಿಗೆ ಅರ್ಧ ಅರ್ಥವಾಯಿತು. ಇಬ್ಬರೂ ಅತ್ತರು.

ಅಪ್ಪ ಬರುವ ಹಿಂದಿನ ದಿನ ಕೋಣೆ ಖಾಲಿಯಾಗಿತ್ತು. ಸುಣ್ಣ ಬಳಿಯಲು ತೊಲೆಯಿಂದ ಗಾಡಿಯನ್ನು ಇಳಿಸಿ ಜಗಲಿಯಲ್ಲಿ ಇಟ್ಟೆವು. ತಮಿಳಕ್ಕ ಸುಣ್ಣ ಕಲಸಲು ಬಂದವಳು ಎಂದಿನಂತೆ ಮಗುವನ್ನು ಅಲ್ಲೇ ಕೂರಿಸಿದಳು. ನಾವೆಲ್ಲ ಒಳಗಿದ್ದೆವು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಕಿರ್ ಕಿರ್ ಎಂದು ಸದ್ದು ಕೇಳಿಸಿತು. ಬಂದು ನೋಡಿದರೆ ಆ ಮಗು ನೆಲದ ಮೇಲೆ ಕೂತೇ ಗಾಡಿಯ ಗಾಲಿಯೊಂದನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿತ್ತು. ಅಮ್ಮನನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಂಡಿತು. "ಇದು ಯಾರ್ ವಂಡಿ?" ಎಂದಿತು. ಯಾರ ಗಾಡಿ ಎಂದು.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಒಳಗೆ ಹೋಗಿಬಿಟ್ಟಳು. ಗೋಡೆಗೆ ಸುಣ್ಣ ಬಳಿದಳು. ಬಳಿದ ಜಾಗವನ್ನೇ ಮತ್ತೆ ಬಳಿದಳು. ಎಷ್ಟೋ ಹೊತ್ತಿನ ಮೇಲೆ ಅಮ್ಮ ಕೈಕಾಲು ತೊಳೆದುಕೊಂಡು, ಸೀಮೆಎಣ್ಣೆಯ ಬಾಟಲಿ ತಂದು ಜಗಲಿಯಲ್ಲಿ ಕೂತಳು. ಗಾಲಿಗಳಿಗೆಲ್ಲ ಎಣ್ಣೆ ಬಿಟ್ಟಳು. ಕೊಡೆಯನ್ನು ಬಿಡಿಸಿ ಮಡಿಸಿ ನೋಡಿದಳು. ಆಮೇಲೆ ಮಗುವನ್ನು ಕಂಕುಳಲ್ಲಿ ಕೈಕೊಟ್ಟು ಎತ್ತಿ ಒಳಗೆ ಕೂರಿಸಿದಳು. ಬಡಕಲು ಮಗು, ಗಾಡಿಯಲ್ಲಿ ಚೆನ್ನಾಗಿಯೇ ಹಿಡಿಸಿತು.

ತಮಿಳಕ್ಕ ಸುಣ್ಣದ ಕೈಯಲ್ಲೇ ಓಡಿ ಬಂದಳು. "ವೇಂಡಾಂ ಅಕ್ಕಾ, ಬೇಡ. ಅದು ನಿಂದು. ಅದು ಯಾರ್ದು ಅಂತ ನನಿಗೆ ತೆರಿಯುಂ, ಗೊತ್ತು."

"ನಂದೇ. ಅದಕ್ಕೇ ಕೊಡ್ತಾ ಇರೋದು" ಎಂದಳು ಅಮ್ಮ. "ಆ ಕೂಸು ಈಗ ಅವರೂರಲ್ಲಿ ಓಡ್ಯಾಡ್ತಾ ಇರ್ತದೆ. ಅದುಕ್ಕೆ ಗಾಡಿ ಬ್ಯಾಡ. ತಕ್ಕೋ."

ಮಗುವನ್ನು ಕೂರಿಸಿಕೊಂಡು ಅಮ್ಮನೇ ಲೈನಿನ ತುದಿಯವರೆಗೆ ತಳ್ಳಿಕೊಂಡು ಹೋದಳು. ತಳ್ಳುವಾಗ ಅವಳ ನಡಿಗೆಯೇ ಬೇರೆಯಾಯಿತು. ಬೆನ್ನು ನೆಟ್ಟಗಾಗಿ, ಹೆಜ್ಜೆ ಹಗುರವಾಗಿ, ಬಂಗಲೆಯ ಮರಗಳ ಕೆಳಗೆ ಹೇಗೆ ತಳ್ಳುತ್ತಿದ್ದಳೋ ಹಾಗೆ. ತುದಿಯಲ್ಲಿ ಹಿಡಿಯನ್ನು ತಮಿಳಕ್ಕನ ಕೈಗೆ ಕೊಟ್ಟು, ಹೀಗೆ ತಿರುಗಿಸಬೇಕು, ಇಳಿಜಾರಿನಲ್ಲಿ ಹೀಗೆ ಹಿಡಿಯಬೇಕು ಎಂದು ತೋರಿಸಿಕೊಟ್ಟಳು. ತಮಿಳಕ್ಕ ಮಗುವನ್ನು ತಳ್ಳಿಕೊಂಡು ಬರುತ್ತಿದ್ದರೆ, ಅಮ್ಮ ಸ್ವಲ್ಪ ಹಿಂದೆ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದಳು. ಆಮೇಲೆ ಆ ಮಗು ಅದೇ ಗಾಡಿಯಲ್ಲಿ ಲೈನಿನ ಹುಡುಗಿಯರ ಜೊತೆ ಶಾಲೆಗೂ ಹೋಯಿತು. ಯಾರ ಸರದಿಯಿದ್ದರೆ ಅವರು ತಳ್ಳುತ್ತಿದ್ದರು.

ಅಪ್ಪ ಮರುದಿನ ಬೆಳಿಗ್ಗೆ ಬಂದ. ಹೊಸ್ತಿಲಲ್ಲಿ ನಿಂತು, ತಪ್ಪಿ ಬೇರೆ ಮನೆಗೆ ಬಂದವನ ಹಾಗೆ ಪಕ್ಕದ ಮನೆಯ ಬಾಗಿಲು ನೋಡಿದ. ಒಳಗೆ ಸುಣ್ಣದ ಹಸಿ ವಾಸನೆ. ಕಿಟಕಿಯ ಪಕ್ಕದಲ್ಲಿ ಉಣ್ಣೆಯ ಕಂಬಳಿ ಹೊದಿಸಿದ ಹಾಸಿಗೆ, ಬೆತ್ತದ ಕುರ್ಚಿ. ಗೋಡೆಗೆ ಟ್ರಂಕು, ಅದರ ಮೇಲೆ ಕತ್ತರಿ, ಮೂಲೆಯಲ್ಲಿ ಬೀಸುವ ಕಲ್ಲು, ರಾಗಿಯ ಚೀಲ. ಅಷ್ಟೇ. ಅವನು ಕೋಣೆಯ ನಡುವೆ ಕೂತು ಕಾಲು ಚಾಚಿದ, ಎರಡೂ ಕೈಗಳನ್ನು ಅಗಲಕ್ಕೆ ಬಿಚ್ಚಿ ನೋಡಿದ. ಯಾವ ಕಡೆಯೂ ಏನೂ ತಗಲಲಿಲ್ಲ.

"ಎಲ್ಲಾನೂ ಏನ್ ಮಾಡ್ದೆ?" ಎಂದ.

"ಕೊಟ್ಟೆ."

"ನಾನು ಯೋಳಿರ್ನಿಲ್ವಲ್ಲ."

"ನೀನು ಯೋಳಾಕಿಲ್ಲ ಅಂತಾನೇ ಇಷ್ಟು ದಿನ ಆಯ್ತು" ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿತ್ತು. ಅದು ಅವನ ಮೇಲಿನ ಸಿಟ್ಟಲ್ಲ ಎಂದು ಅವನಿಗೂ ಗೊತ್ತಿತ್ತು. ಆಮೇಲೆ ಅವಳು ದಮ್ಮಡಿಯ ಬಳೆಯನ್ನು ತಂದು ಅವನ ಮುಂದೆ ಇಟ್ಟಳು. ತಾನಾಗಿ ಹೇಳದೆ ಮುಚ್ಚಿಡುವುದು ಅವಳಿಗೆ ಆಗಲಿಲ್ಲ.

ಅಪ್ಪ ಅದನ್ನು ಎತ್ತಿ ಮುಖಕ್ಕೆ ನೇರವಾಗಿ ಹಿಡಿದು ಅದರೊಳಗಿಂದ ನಮ್ಮನ್ನು ನೋಡಿದ. "ಇದುಕ್ಕೂ ನನಿಗೂ ಒಂದೇ ಕಾಯ್ಲೆ" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಅಳ್ಬ್ಯಾಡ ಕಣಮ್ಮೀ. ಚರ್ಮ ತಾನೆ, ಬಿಗಿಸಿದ್ರಾಯ್ತು" ಎಂದ. ಅತ್ತೆ ಅದನ್ನು ಹಳ್ಳಿಗೆ ಒಯ್ದು ಹೊಸ ಚರ್ಮ ಹಾಕಿಸಿ ಕಳಿಸಿದಳು. ಅಪ್ಪನಿಗೆ ಎತ್ತರದ ದನಿಯಲ್ಲಿ ಹಾಡಲು ಮತ್ತೆ ಆಗಲಿಲ್ಲ. ಕಿಟಕಿಯ ಪಕ್ಕ ಕೂತು ಬೆರಳ ತುದಿಯಲ್ಲಿ ತಟ್ಟುತ್ತಾ ಗುನುಗುತ್ತಿದ್ದ. ಕೋಣೆಯಲ್ಲಿ ಜಾಗವಿದ್ದದ್ದರಿಂದ ಶನಿವಾರ ನಾಲ್ಕಾರು ಜನ ಬಂದು ಕೂರತೊಡಗಿದರು. ಅವರು ಹಾಡುತ್ತಿದ್ದರು, ಅಪ್ಪ ತಾಳ ಹಾಕುತ್ತಿದ್ದ.

ಅವನಿಗೆ ಗಣಿಯ ಉಗ್ರಾಣದಲ್ಲಿ ಮೇಲಿನ ಕೆಲಸ ಸಿಕ್ಕಿತು. ಕೆಮ್ಮು ವಾಸಿಯಾಗಲಿಲ್ಲ. ಅದು ವಾಸಿಯಾಗುವಂಥದ್ದೂ ಅಲ್ಲ. ಆದರೆ ಮನೆಯೊಳಗೆ ಮಲಗಿದ ಮೇಲೆ ಮೊದಲಿನಷ್ಟು ಅಬ್ಬರಿಸಲಿಲ್ಲ. ಅರವತ್ತರ ದಶಕ ಅರ್ಧ ಕಳೆದ ಮೇಲೆ ಅವನು ಕೆಲಸ ಬಿಟ್ಟ. ಲೈನಿನ ಮನೆಯನ್ನೂ ಬಿಡಬೇಕಾಯಿತು. ಅಷ್ಟು ಹೊತ್ತಿಗೆ ನನಗೆ ಬಂಗಾರಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸವಾಗಿತ್ತು. ಅಲ್ಲೇ ಒಂದು ಬಾಡಿಗೆ ಮನೆ ಹಿಡಿದೆವು. ಲಾರಿ ಬೇಕಾಗಲಿಲ್ಲ. ಕುರ್ಚಿ, ಟ್ರಂಕು, ಬೀಸುವ ಕಲ್ಲು, ಹಾಸಿಗೆ ಸುರುಳಿ ಎಲ್ಲವನ್ನೂ ಲೈನಿನವರು ಸ್ಟೇಷನ್ನಿಗೆ ತಂದು ರೈಲಿಗೆ ಹತ್ತಿಸಿದರು. ಅರ್ಧ ಬೋಗಿಯೂ ತುಂಬಲಿಲ್ಲ. ಹೊಸ ಮನೆಯ ಯಜಮಾನಿತಿ ಅದನ್ನು ನೋಡಿ, "ಮಿಕ್ಕಿದ್ದು ಯಾವಾಗ ಬತ್ತದಮ್ಮಾ?" ಎಂದು ಕೇಳಿದಳು. ಮಿಕ್ಕದ್ದು ಏನೂ ಇಲ್ಲ ಎಂದರೆ ನಂಬಲೇ ಇಲ್ಲ.

ಬಂಗಾರಪೇಟೆಗೆ ಬಂದ ಕೆಲವು ತಿಂಗಳ ಮೇಲೆ ಅಮ್ಮ ಒಂದು ಬಿಂದಿಗೆ ಕೊಳ್ಳಬೇಕು ಎಂದಳು. ನಲ್ಲಿ ಬೀದಿಯ ತುದಿಯಲ್ಲಿತ್ತು, ನಮ್ಮ ಹಳೆಯ ಬಿಂದಿಗೆ ಸೋರುತ್ತಿತ್ತು. ಅಂಗಡಿಬೀದಿಯ ಪಾತ್ರೆ ಅಂಗಡಿಗೆ ಮೂವರೂ ಹೋದೆವು. ಅಮ್ಮ ಅಷ್ಟು ವರ್ಷದ ಸಂಸಾರದಲ್ಲಿ ಅಂಗಡಿಗೆ ಹೋಗಿ, ತನಗೆ ಬೇಕೆಂದು ಆರಿಸಿ ಒಂದು ವಸ್ತುವನ್ನು ಕೊಂಡದ್ದೇ ಇಲ್ಲ ಎನ್ನುವುದು ನನಗೆ ಹೊಳೆದದ್ದು ಅಲ್ಲಿ ನಿಂತಾಗ. ಅವಳು ಒಂದೊಂದು ಬಿಂದಿಗೆಯನ್ನೂ ಎತ್ತಿ ಬೆರಳಿನಿಂದ ತಟ್ಟಿ ಸದ್ದು ಕೇಳಿದಳು. ಸೊಂಟಕ್ಕೆ ಇಟ್ಟು ನೋಡಿದಳು. ಅವತ್ತು ಕೊಳ್ಳಲಿಲ್ಲ. ಮುಂದಿನ ವಾರ ಮತ್ತೆ ಹೋದೆವು, ಅವತ್ತೂ ಕೊಳ್ಳಲಿಲ್ಲ. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. "ಸಂಬಂದ ನೋಡಾಕೆ ಬಂದೋರಂಗೆ ಮಾಡ್ತಾಳೆ" ಎಂದು ಅಂಗಡಿಯವನಿಗೆ ಹೇಳುತ್ತಿದ್ದ. ಮೂರನೆಯ ಸಲ ಅಮ್ಮ ನಡುಗಾತ್ರದ ಒಂದು ಹಿತ್ತಾಳೆ ಬಿಂದಿಗೆಯನ್ನು ಎತ್ತಿಕೊಂಡು, "ಇದು" ಎಂದಳು.

ಆಗೆಲ್ಲ ಹೊಸ ಪಾತ್ರೆಗೆ ಹೆಸರು ಕೊರೆದು ಕೊಡುತ್ತಿದ್ದರು. ಅಂಗಡಿಯವನು ಉಳಿ ಸುತ್ತಿಗೆ ತೆಗೆದುಕೊಂಡು, "ಏನಂತ ಬರೀಲಮ್ಮ?" ಎಂದ.

ಅಮ್ಮ ಅಪ್ಪನ ಕಡೆ ನೋಡಿದಳು, ಅವನ ಹೆಸರನ್ನು ತಾನು ಹೇಗೆ ಹೇಳುವುದು ಎಂದು.

"ನನ್ನ ಯಾಕೆ ನೋಡ್ತೀಯೆ?" ಎಂದ ಅಪ್ಪ. "ನೀರು ಒರೋಳು ನೀನು, ಇಷ್ಟಪಟ್ಟೋಳು ನೀನು. ನಿನ್ನ ಎಸ್ರು ಯೋಳು."

ಅಮ್ಮ ನಾಚಿಕೊಂಡಳು. ಲೈನಿನಲ್ಲಿ ಎಲ್ಲರಿಗೂ ಅವಳು ಆಯಮ್ಮ, ಮನೆಯಲ್ಲಿ ಅಮ್ಮ, ಅತ್ತೆಗೆ ಅಮ್ಮೀ. ಅವಳ ಬಾಯಲ್ಲಿ ಅವಳ ಹೆಸರನ್ನು ನಾನೂ ಕೇಳಿದವಳಲ್ಲ. ಸೆರಗನ್ನು ಸರಿಮಾಡಿಕೊಂಡು, ಶಾಲೆಗೆ ಸೇರಿಸಲು ಕರೆತಂದ ಮಗು ಮೇಷ್ಟರಿಗೆ ಹೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿದಳು. ಅಂಗಡಿಯವನು ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊರೆಯತೊಡಗಿದ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಕೊರೆದು ಮುಗಿಯುವವರೆಗೂ ಅವನ ಪಕ್ಕದಲ್ಲೇ ಬಾಗಿ ನಿಂತು, ಯಾವುದು ಯಾವ ಅಕ್ಷರ ಎಂದು ನನ್ನನ್ನು ಕೇಳುತ್ತಿದ್ದಳು.